ನಡುನೀರಿನಲ್ಲಿ ಸೊರಗುವ ಎಂಜಿನ್

ಕೃಷ್ಣೆಗೆ ಅಡ್ಡಲಾಗಿ ಆಲಮಟ್ಟಿಯಲ್ಲಿ ಕಟ್ಟಲಿದ್ದ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಇಂದು ಆ ಜಲಾಶಯವು ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರದವರೆಗೆ ತುಂಬಿದಾಗ, ಹಿನ್ನೀರು ಘಟಪ್ರಭೆಯ ಪಾತ್ರವನ್ನೇರಿ ಬಾಗಲಕೋಟೆಯವರೆಗೆ ಹಬ್ಬುತ್ತದೆ. ಹಳೆಯ ಊರಿನ ತಗ್ಗು ಭಾಗಗಳು ಮುಳುಗಿದುದರಿಂದಲೇ ಅಲ್ಲಿ ನವನಗರವು ತಲೆಯೆತ್ತಿತು. ಅತ್ತ ಹುನಗುಂದದ ಕಡೆ, ಮಲಪ್ರಭೆಯು ಕೃಷ್ಣೆಯನ್ನು ಕೂಡುವ ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ನಿಲ್ಲುತ್ತದೆ. ಕಿರಿದಾದ ಹೊಳೆಯನ್ನು ದಾಟಲು ಹರಿಗೋಲು ಮತ್ತು ತೋಳಿನ ಬಲ ಸಾಕು. ಇಷ್ಟು ಅಗಲವಾದ ನೀರಿಗೆ ಎಂಜಿನ್ನಿನ ನೆರವು ಬೇಕು.

ಎಂಜಿನ್ ದೋಣಿಗಳಲ್ಲಿ ಎರಡು ಬಗೆಗಳುಂಟು. ಒಂದರಲ್ಲಿ ಎಂಜಿನ್ನು ದೋಣಿಯ ಹಿಂಬದಿಯ ಹೊರಗೆ ತೂಗಿರುತ್ತದೆ. ಇನ್ನೊಂದರಲ್ಲಿ ಅದು ದೋಣಿಯ ಒಡಲೊಳಗೇ ಕುಳಿತು, ತಳವನ್ನು ತೂರಿ ಹೊರಟ ಉದ್ದನೆಯ ದಂಡದ ಮೂಲಕ ನೀರಿನಲ್ಲಿರುವ ಪ್ರೊಪೆಲರನ್ನು ತಿರುಗಿಸುತ್ತದೆ. ಒಳಗಿನ ಎಂಜಿನ್ನು ಸಾಮಾನ್ಯವಾಗಿ ಡೀಸೆಲ್ಲಿನದು. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಈ ಯಂತ್ರವು ಆರೇ ವರ್ಷಗಳಲ್ಲಿ, ಅಂದರೆ 1903ರಲ್ಲಿ, ರಷ್ಯದ 'ವಂದಾಲ್' ಎಂಬ ಹಡಗನ್ನೇರಿತು.

ಇಂಥ ದೋಣಿಯೊಂದು ಮಳೆಗಾಲದ ಸೆಳವಿನಲ್ಲಿ ಜನರನ್ನು ಹೊತ್ತು ಸಾಗುತ್ತಿರುವಾಗ ಎಂಜಿನ್ನು ನಿಲ್ಲದೆಯೇ ಸೊರಗಿತೆನ್ನಿ. ಶಬ್ದವೇನೋ ಇದೆ, ಎಳೆತವಿಲ್ಲ. ಸೆಳವು ದೋಣಿಯ ವೇಗವನ್ನು ಮೀರಿದರೆ ದೋಣಿಯು ಹೊಳೆಯ ವಶವಾಗುತ್ತದೆ. ಆದುದರಿಂದ ಬಲ ಕುಂದಿದುದರ ಕಾರಣವನ್ನು ದಡದಲ್ಲಿದ್ದಾಗಲೇ ಹುಡುಕಬೇಕು. ಹುಡುಕುವುದು ಹೇಗೆ?

ದೋಷ ಎಂಜಿನ್ನಿನದೊ, ಹೊರೆಯದೊ?

ಮೊದಲು ಕೈಗೆತ್ತಿಕೊಳ್ಳಬೇಕಾದುದು ಪಾನಾ ಅಲ್ಲ, ಸುತ್ತುಗಳ ಲೆಕ್ಕ. ಆರೋಗ್ಯವಾಗಿದ್ದಾಗ ಪೂರ್ಣ ಇಂಧನ ಕೊಟ್ಟರೆ ಎಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗುತ್ತಿತ್ತೆಂದು ಇಟ್ಟುಕೊಳ್ಳೋಣ. ಈಗ ಸುತ್ತುಗಳು ಅಷ್ಟೇ ಇದ್ದು ಅಥವಾ ಹೆಚ್ಚಾಗಿ, ದೋಣಿ ಮಾತ್ರ ನಿಧಾನವಾಗಿದ್ದರೆ ಎಂಜಿನ್ನು ನಿರಪರಾಧಿ. ಬಲವು ದಾರಿಯಲ್ಲಿ ಸೋರಿಹೋಗುತ್ತಿದೆ: ಕ್ಲಚ್ಚು ಜಾರುತ್ತಿರಬಹುದು, ಪ್ರೊಪೆಲರಿನ ಎಲೆ ಮುರಿದಿರಬಹುದು.

ಸುತ್ತುಗಳು 1800ಕ್ಕೆ ಇಳಿದಿದ್ದರೆ ವಿಷಯ ಬೇರೆ. ಪ್ರೊಪೆಲರು ಹೀರುವ ಬಲವು ಸುತ್ತುಗಳ ಘನಕ್ಕೆ ಅನುಪಾತದಲ್ಲಿರುತ್ತದೆ. 0.9ನ್ನು ಮೂರು ಬಾರಿ ಗುಣಿಸಿದರೆ 0.729. ದೋಣಿಯೂ ಹೊರೆಯೂ ಮೊದಲಿನವೇ ಆಗಿದ್ದರೆ, ಸುತ್ತಿನಲ್ಲಿ ನೂರಕ್ಕೆ 10 ಇಳಿದಾಗ ಬಲದಲ್ಲಿ ನೂರಕ್ಕೆ 27 ಇಳಿದಿದೆಯೆಂದೇ ಅರ್ಥ. ಆದರೆ ಹೊರೆಯೇ ಹೆಚ್ಚಿದ್ದರೂ ಸುತ್ತುಗಳು ಇಳಿಯುತ್ತವೆ. ಪ್ರೊಪೆಲರಿಗೆ ಮೀನುಬಲೆಯ ಚೂರು ಸುತ್ತಿಕೊಂಡಿದೆಯೆ? ತಳದಲ್ಲಿ ಪಾಚಿ ಬೆಳೆದಿದೆಯೆ? ಒಡಲೊಳಗೆ ನೀರು ಸೇರಿ ದೋಣಿ ಭಾರವಾಗಿದೆಯೆ? ಇವನ್ನು ನೋಡದೆ ಎಂಜಿನ್ನನ್ನು ಬಿಚ್ಚಿದವನು, ಕಾಲಿಗೆ ಮುಳ್ಳು ಚುಚ್ಚಿ ಕುಂಟುವ ಎತ್ತಿಗೆ ಹೊಟ್ಟೆಯ ಔಷಧ ಕುಡಿಸಿದಂತಾಗುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ಮೋಸವುಂಟು. ಹಿನ್ನೀರು ಇಳಿದು ನೀರು ತೆಳುವಾದಾಗ, ದೋಣಿ ಎಬ್ಬಿಸುವ ಅಲೆಗಳು ತಳದ ನೆಲಕ್ಕೆ ಸಿಕ್ಕಿ ಅದನ್ನೇ ತಡೆಯುತ್ತವೆ. ಒಂದು ಮೀಟರ್ ಆಳದ ನೀರಿನಲ್ಲಿ ಅಲೆಯ ಗರಿಷ್ಠ ವೇಗ ಗಂಟೆಗೆ ಸುಮಾರು 11 ಕಿಲೋಮೀಟರ್. ದೋಣಿಯು ಆ ವೇಗವನ್ನು ಸಮೀಪಿಸಿದಂತೆಲ್ಲ ತಡೆ ಥಟ್ಟನೆ ಏರುತ್ತದೆ. ಆಳದ ನೀರಿಗೆ ಹೋದೊಡನೆ ಎಂಜಿನ್ನು ಚೇತರಿಸಿಕೊಂಡರೆ ಅದಕ್ಕೆ ರೋಗವಿರಲೇ ಇಲ್ಲ.

ಹೊಗೆ ಹೇಳುವ ಮಾತು

ಹೊರೆಯಲ್ಲಿ ದೋಷ ಕಾಣದಿದ್ದರೆ ಹೊಗೆಯನ್ನು ನೋಡಬೇಕು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಪಿಸ್ಟನ್ನು ಗಾಳಿಯನ್ನು ಒತ್ತಿ ಕಾಯಿಸುತ್ತದೆ, ಆ ಬಿಸಿಗಾಳಿಯಲ್ಲಿ ಸಿಂಪಡಿಸಿದ ಇಂಧನವು ತಾನೇ ಹೊತ್ತಿಕೊಳ್ಳುತ್ತದೆ. ಗಾಳಿ, ಇಂಧನ, ಒತ್ತಡ ಇವು ಮೂರೂ ಕೂಡಿದರೆ ಬಲ.

ಹೊಗೆ ಕಪ್ಪಾಗಿದ್ದರೆ ಇಂಧನಕ್ಕೆ ತಕ್ಕಷ್ಟು ಗಾಳಿಯಿಲ್ಲ, ಇಲ್ಲವೆ ಹೊರೆ ಮಿತಿಮೀರಿದೆ. ಒಂದು ಲೀಟರ್ ಡೀಸೆಲ್ ಉರಿಯಲು ಕನಿಷ್ಠ 12 ಕಿಲೋಗ್ರಾಂ ಗಾಳಿ ಬೇಕು. ಇದು 2 ಮೀಟರ್ ಉದ್ದಗಲದ ಚಿಕ್ಕ ಕೋಣೆಯೊಂದನ್ನು ತುಂಬುವಷ್ಟಾಯಿತು! ಇಳಕಲ್ಲಿನ ಗ್ರಾನೈಟ್ ಗಣಿಗಳಲ್ಲಿ ದುಡಿಯುವ ಎಂಜಿನ್ನುಗಳಿಗೆ ಕಲ್ಲಿನ ಧೂಳು ಶತ್ರುವಾದರೆ, ದೋಣಿಯ ಎಂಜಿನ್ನಿಗೆ ಅದರ ಮೇಲಿನ ಮುಚ್ಚಿದ ಪೆಟ್ಟಿಗೆಯೇ ಶತ್ರು. ಪೆಟ್ಟಿಗೆಯ ಬಾಗಿಲನ್ನು ತೆರೆದೊಡನೆ ಸುತ್ತುಗಳು ಏರಿದರೆ ಗಾಳಿಯ ದಾರಿ ಕಿರಿದಾಗಿದೆಯೆಂದು ತಿಳಿಯಬೇಕು. ನಮ್ಮ ಬಯಲುಸೀಮೆಯ ಎತ್ತರ ಮತ್ತು 40 ಡಿಗ್ರಿಯ ಬಿಸಿಲು ಎರಡೂ ಕೂಡಿ, ಕಡಲ ದಂಡೆಯ 25 ಡಿಗ್ರಿಯ ಗಾಳಿಗಿಂತ ಇಲ್ಲಿಯ ಗಾಳಿಯನ್ನು ನೂರಕ್ಕೆ ಸುಮಾರು 10ರಷ್ಟು ತೆಳುವಾಗಿಸುತ್ತವೆ, ಇದನ್ನೂ ಮರೆಯಬಾರದು.

ಹೊಗೆ ನೀಲಿಯಾಗಿದ್ದರೆ ಕೀಲೆಣ್ಣೆ ಉರಿಯುತ್ತಿದೆ. ಪಿಸ್ಟನ್ನಿನ ಬಳೆಗಳು ಸವೆದಿರಬಹುದು. ಎಂಜಿನ್ನು ಕಾದ ಮೇಲೂ ಹೊಗೆ ಬಿಳಿಯಾಗಿದ್ದರೆ ಇಂಧನವು ಉರಿಯದೆ ಹೊರಬೀಳುತ್ತಿದೆ, ಅಥವಾ ಸಿಲಿಂಡರಿನೊಳಕ್ಕೆ ನೀರು ನುಗ್ಗುತ್ತಿದೆ. ಹೊಗೆಯೇ ಕಾಣದೆ ಬಲ ಮಾತ್ರ ಕುಂದಿದ್ದರೆ ಎಂಜಿನ್ನು ಹಸಿದಿದೆ: ಡೀಸೆಲ್ ಫಿಲ್ಟರು ಕಟ್ಟಿಕೊಂಡಿರಬಹುದು, ಕೊಳವೆಯ ಸಡಿಲ ಜೋಡಣೆಯಿಂದ ಗಾಳಿ ಸೇರಿರಬಹುದು, ತೊಟ್ಟಿಯ ತಳದಲ್ಲಿ ನೀರು ನಿಂತಿರಬಹುದು. ಈ ದೋಷಗಳೇ ಹೆಚ್ಚು ಸಾಮಾನ್ಯ, ಪರಿಹಾರವೂ ಅಗ್ಗ.

ಇವುಗಳ ಜೊತೆಗೆ ಉಷ್ಣಮಾಪಕವನ್ನೂ ನೋಡುತ್ತಿರಬೇಕು. ಮಳೆಗಾಲದ ಕೆಂಪು ನೀರಿನ ಹೂಳು, ತೇಲಿಬರುವ ಕಳೆ ಇವು ತಂಪು ನೀರಿನ ಜಾಲರಿಯನ್ನು ಮುಚ್ಚಿದರೆ ಎಂಜಿನ್ನು ಮಿತಿಮೀರಿ ಕಾಯುತ್ತದೆ. ಉಬ್ಬಿದ ಪಿಸ್ಟನ್ನು ಸಿಲಿಂಡರನ್ನು ಉಜ್ಜತೊಡಗಿದಾಗಲೂ ಬಲ ಕುಂದುತ್ತದೆ. ಆಗ ಇನ್ನಷ್ಟು ಇಂಧನ ಕೊಟ್ಟು ಓಡಿಸುವುದು ಎಂಜಿನ್ನನ್ನು ಕೊಂದಂತೆ.

ಕ್ರಮವೇ ರಕ್ಷೆ

ಸುತ್ತು, ಹೊರೆ, ಹೊಗೆ, ಕಾವು ಎಂಬ ಈ ಕ್ರಮವನ್ನು ನಾವು ಒತ್ತಿ ಹೇಳಲು ಕಾರಣವಿದೆ. ಪ್ರತಿಯೊಂದು ಪ್ರಶ್ನೆಯೂ ಸಂದೇಹಗಳ ಒಂದು ದೊಡ್ಡ ಗುಂಪನ್ನೇ ಕಳೆದುಬಿಡುತ್ತದೆ. ಖರ್ಚಿನ ಕೆಲಸ ಕೊನೆಗೆ ಉಳಿಯುತ್ತದೆ. ಆದರೆ ಹೋಲಿಸಲು ಹಳೆಯ ಅಂಕಿಗಳಿರಬೇಕು. ಎಂಜಿನ್ನು ಚೆನ್ನಾಗಿದ್ದಾಗಲೇ ಅದರ ಸುತ್ತು, ಕಾವು, ದೋಣಿಯ ವೇಗ ಇವುಗಳನ್ನು ಪುಸ್ತಕದಲ್ಲಿ ಬರೆದಿಡುವುದು ಅವಶ್ಯ. ಪ್ರೊಪೆಲರನ್ನು ಮುಟ್ಟುವ ಮುನ್ನ ಎಂಜಿನ್ನನ್ನು ನಿಲ್ಲಿಸಿ ಕೀಲಿಯನ್ನು ಕಿಸೆಯಲ್ಲಿಟ್ಟುಕೊಳ್ಳಬೇಕು. ಲಂಗರು, ಹುಟ್ಟು, ಪ್ರತಿಯೊಬ್ಬರಿಗೂ ತೇಲುವ ಅಂಗಿ ಇವಿಲ್ಲದೆ ದಡವನ್ನು ಬಿಡಲೇಬಾರದು. 2009 ಮತ್ತು 2019ರ ಪ್ರವಾಹಗಳನ್ನು ಕಂಡ ಈ ಜಿಲ್ಲೆಯವರಿಗೆ ಹೊಳೆಯ ಬಲವನ್ನು ಬೇರೆ ಹೇಳಬೇಕಾಗಿಲ್ಲ.

ದೋಣಿಯನ್ನೇ ಹತ್ತದ ವಿದ್ಯಾರ್ಥಿಗಳೂ ಈ ಪಾಠವನ್ನು ಕಲಿಯಬಹುದು. ಬಾದಾಮಿಯ ಕಡೆ ಮಲಪ್ರಭೆಯ ದಂಡೆಯಲ್ಲಿ ಹೊಲಕ್ಕೆ ನೀರೆತ್ತುವ ಡೀಸೆಲ್ ಎಂಜಿನ್ನು ಕಂಡಾಗ, ದೂರದಲ್ಲಿಯೇ ನಿಂತು ಅದರ ಹೊಗೆಯ ಬಣ್ಣವನ್ನು ಗಮನಿಸಿರಿ, ಹೊರೆ ಬಿದ್ದಾಗ ಅದರ ಸದ್ದು ಹೇಗೆ ಬದಲಾಗುವುದೆಂದು ಆಲಿಸಿರಿ. ಬಿಚ್ಚುವ ಮೊದಲು ಅಳೆಯುವುದು, ಅಳೆದುದನ್ನು ಹೋಲಿಸುವುದು: ವೈದ್ಯನಿಗೂ ಯಂತ್ರಜ್ಞನಿಗೂ ವಿಜ್ಞಾನವು ಕಲಿಸುವ ಮೊದಲ ಪಾಠ ಇದೇ ಆಗಿದೆ.