ನಿಮಗಿದು ಗೊತ್ತೆ? ಜಲಪರದೆಯ ಹಿಂದೆ ಹಕ್ಕಿಗಳ ಮನೆ

ಅರ್ಜೆಂಟೀನಾ ಮತ್ತು ಬ್ರೆಜಿಲ್ ಗಡಿಯಲ್ಲಿರುವ ಇಗುವಾಸು ಒಂದೇ ಜಲಪಾತವಲ್ಲ. ನದಿಯ ನೀರಿನ ಮಟ್ಟಕ್ಕೆ ತಕ್ಕಂತೆ ಇನ್ನೂರೈವತ್ತರಿಂದ ಮುನ್ನೂರರಷ್ಟು ಧಾರೆಗಳು ಸುಮಾರು 2.7 ಕಿ.ಮೀ. ಉದ್ದಕ್ಕೂ ಧುಮ್ಮಿಕ್ಕುತ್ತವೆ. ಇವುಗಳಲ್ಲಿ ಹೆಚ್ಚಿನವು ಅರ್ಜೆಂಟೀನಾದ ಪಾಲಿಗೆ ಬಂದಿವೆ. ಒಟ್ಟು ನೋಟದ ಸೊಗಸು ಮಾತ್ರ ಬ್ರೆಜಿಲ್ ಕಡೆಯಿಂದಲೇ!

ಇಲ್ಲಿನ ನಿಜವಾದ ಅಚ್ಚರಿ ಒಂದು ಪುಟ್ಟ ಕಂದುಬಣ್ಣದ ಬಾನಾಡಿ. ನೂರಾರು ಹಕ್ಕಿಗಳು ಭೋರ್ಗರೆಯುವ ನೀರಿನೊಳಕ್ಕೆ ಬಾಣದಂತೆ ನುಗ್ಗಿ ಮಾಯವಾಗುತ್ತವೆ. ಧಾರೆಯ ಹಿಂದಿನ ಒದ್ದೆ ಬಂಡೆಯೇ ಅವುಗಳ ತಂಗುದಾಣ. ಗೂಡು ಕಟ್ಟುವುದೂ ಅಲ್ಲೇ. ಕೊಂಬೆಯ ಮೇಲೆ ಕೂರಲಾಗದ ಈ ಹಕ್ಕಿ ಕಡಿದಾದ ಬಂಡೆಗೆ ಉಗುರೂರಿ ಅಂಟಿಕೊಳ್ಳಬಲ್ಲದು. ಅಷ್ಟು ನೀರನ್ನು ಸೀಳಿ ಬೇಟೆಗೆ ಬರುವ ಧೈರ್ಯ ಯಾವ ಗಿಡುಗಕ್ಕಿದೆ?

ಸುತ್ತಲಿನ ಅಟ್ಲಾಂಟಿಕ್ ಮಳೆಕಾಡಿನಲ್ಲಿ ಜಾಗ್ವಾರ್ ಇದೆ, ಟೇಪಿರ್ ಇದೆ, ದೊಡ್ಡ ಕೊಕ್ಕಿನ ಟೂಕನ್ ಇದೆ. ಜಾಗ್ವಾರ್ ಕಂಡರೆ ನಿಮ್ಮ ಅದೃಷ್ಟ. ಉದ್ದ ಮೂತಿಯ, ಪಟ್ಟೆಬಾಲದ ಕೊವಾಟಿ ಮಾತ್ರ ತಾನಾಗಿಯೇ ಹುಡುಕಿಕೊಂಡು ಬರುತ್ತದೆ. ಕಣ್ಣು ನಿಮ್ಮ ತಿಂಡಿ ಚೀಲದ ಮೇಲೆ. ಮುದ್ದಾಗಿದೆಯೆಂದು ತಿನ್ನಿಸಲು ಹೋಗಬೇಡಿ, ಕಚ್ಚುತ್ತದೆ.

ಅರ್ಜೆಂಟೀನಾ ಕಡೆ ಪುಟ್ಟ ರೈಲು ಪ್ರವಾಸಿಗರನ್ನು ಕಾಡಿನ ನಡುವೆ ಕರೆದೊಯ್ಯುತ್ತದೆ. ಅಲ್ಲಿಂದ ನದಿಯ ಮೇಲಿನ ಕಾಲುಸೇತುವೆಯಲ್ಲಿ ನಡೆದರೆ ಸುಮಾರು 80 ಮೀಟರ್ ಆಳಕ್ಕೆ ನೀರು ಸುರಿಯುವ ‘ದೆವ್ವದ ಗಂಟಲು’. 2023ರ ಅಕ್ಟೋಬರ್ ಪ್ರವಾಹದಲ್ಲಿ ಹರಿವು ಸಾಮಾನ್ಯಕ್ಕಿಂತ ಹತ್ತು ಪಟ್ಟಿಗೂ ಹೆಚ್ಚಾಗಿ, ಈ ಸೇತುವೆಯನ್ನೇ ಮುಚ್ಚಬೇಕಾಯಿತು. ಹೋಗುವವರು ಮಳೆಯಂಗಿ ಮರೆಯಬೇಡಿ; ಕೊಡೆ ಹಿಡಿದು ಪ್ರಯೋಜನವಿಲ್ಲ, ನೀರು ಕೆಳಗಿನಿಂದಲೂ ಚಿಮ್ಮುತ್ತದೆ.