ಮುರಿದ ಮೂಳೆಯ ಸೋಂಕು ಮತ್ತು ಔಷಧ ಲೇಪಿತ ರಾಡು

ಮಂಡ್ಯ ಜಿಲ್ಲೆಯ ವಾಣಿಜ್ಯ ವ್ಯವಹಾರವು ರಸ್ತೆಯನ್ನೇ ಅವಲಂಬಿಸಿದೆ. ಕಬ್ಬಿನ ಗಾಡಿಗಳು, ಬೆಲ್ಲದ ಲಾರಿಗಳು, ಮದ್ದೂರಿನ ಎಳನೀರು ಮಾರುಕಟ್ಟೆಯ ಟೆಂಪೋಗಳು, ಮಳವಳ್ಳಿಯ ಮೂಲಕ ಕೊಳ್ಳೇಗಾಲದತ್ತ ಸಾಗುವ ವಾಹನಗಳು, ಇವುಗಳ ನಡುವೆಯೇ ಅಂಗಡಿಯ ಗುಮಾಸ್ತನು ದ್ವಿಚಕ್ರ ವಾಹನದಲ್ಲಿ ವಸೂಲಿಗೆ ತೆರಳುತ್ತಾನೆ. ಆತ ಬಿದ್ದು ಕಾಲು ಮುರಿದುಕೊಂಡಾಗ ಯಜಮಾನರು ಆಸ್ಪತ್ರೆಯ ಮೊದಲ ಬಿಲ್ಲನ್ನು ಪಾವತಿಸಿ, ಲೆಕ್ಕ ಮುಗಿಯಿತೆಂದು ಭಾವಿಸುವುದುಂಟು. ಮೂಳೆ ಚರ್ಮವನ್ನು ಸೀಳಿ ಹೊರಬಂದಿದ್ದಲ್ಲಿ ಲೆಕ್ಕ ಅಷ್ಟಕ್ಕೆ ಮುಗಿಯದಿರಬಹುದು.

ಮೊಣಕಾಲಿನ ಕೆಳಗಿನ ಉದ್ದ ಮೂಳೆಯ ಮುಂಭಾಗದಲ್ಲಿ ಮಾಂಸದ ಹೊದಿಕೆ ಬಹಳ ಕಡಿಮೆ. ಗಾಯದ ಮೂಲಕ ಒಳಹೊಕ್ಕ ರೋಗಾಣುಗಳು, ಮೂಳೆಯನ್ನು ಕೂಡಿಸಲು ಹಾಕಿದ ಲೋಹದ ರಾಡಿನ ಮೇಲೆ ಲೋಳೆಯಂಥ ಪದರ ಕಟ್ಟಿಕೊಂಡು ನೆಲೆಸುತ್ತವೆ. ರಕ್ತ ಸಂಚಾರ ಕಳೆದುಕೊಂಡ ಮೂಳೆಯ ತುಣುಕುಗಳಿಗೆ ಮಾತ್ರೆ, ಚುಚ್ಚುಮದ್ದುಗಳ ಔಷಧ ಸಾಕಷ್ಟು ತಲುಪುವುದಿಲ್ಲ. ವಾರಗಳು ಅಥವಾ ತಿಂಗಳುಗಳ ನಂತರ ಕೀವು ಕಾಣಿಸಿಕೊಳ್ಳುತ್ತದೆ, ಮೂಳೆ ಕೂಡದೆ ಉಳಿಯುತ್ತದೆ.

ಔಷಧವನ್ನು ಸೋಂಕಿನ ಸ್ಥಳಕ್ಕೇ ಒಯ್ಯುವುದು ಇದಕ್ಕೆ ಕಂಡುಕೊಂಡ ಮಾರ್ಗ. 1970ರಲ್ಲಿ ಜರ್ಮನಿಯ ಬುಕೋಲ್ಜ್ ಮತ್ತು ಎಂಗಲ್‌ಬ್ರೆಕ್ಟ್ ಅವರು ಕೃತಕ ಕೀಲುಗಳಿಗೆ ಬಳಸುವ ಮೂಳೆ ಸಿಮೆಂಟಿನಲ್ಲಿ ಜೆಂಟಾಮೈಸಿನ್ ಬೆರೆಸುವ ಕ್ರಮವನ್ನು ಪ್ರಕಟಿಸಿದರು. 2002ರಲ್ಲಿ ಅಮೆರಿಕದ ಪೇಲಿ ಮತ್ತು ಹರ್ಜನ್‌ಬರ್ಗ್ ಅವರು ಇಂಥ ಸಿಮೆಂಟ್ ಹೊದಿಸಿದ ರಾಡಿನಿಂದ ಮೂಳೆಯ ಒಳನಾಳದ ಸೋಂಕಿಗೆ ನೀಡಿದ ಚಿಕಿತ್ಸೆಯನ್ನು ವಿವರಿಸಿದರು. ಭಾರತದ ಶಸ್ತ್ರವೈದ್ಯರೂ ಈ ವಿಧಾನವನ್ನು ಬಳಸುತ್ತಿದ್ದಾರೆ.

ಸೋಂಕು ತಗುಲಿದ ಹಳೆಯ ರಾಡನ್ನು ತೆಗೆದು, ಸತ್ತ ಮೂಳೆಯನ್ನು ಹೆರೆದು ಶುಚಿಗೊಳಿಸಲಾಗುತ್ತದೆ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲೇ ಸಿಮೆಂಟ್ ಪುಡಿಗೆ ವ್ಯಾಂಕೋಮೈಸಿನ್ ಅಥವಾ ಜೆಂಟಾಮೈಸಿನ್ ಬೆರೆಸಿ, ಕೊಳವೆಯ ಅಚ್ಚಿನಲ್ಲಿ ತೆಳು ರಾಡಿನ ಸುತ್ತ ಎರೆಯುತ್ತಾರೆ. ಸಿಮೆಂಟ್ ಗಟ್ಟಿಯಾಗುವಾಗ ಹುಟ್ಟುವ ಶಾಖವನ್ನು ಈ ಔಷಧಗಳು ತಾಳಿಕೊಳ್ಳುತ್ತವೆ. ಮೊದಲ ದಿನಗಳಲ್ಲಿ ಹೆಚ್ಚಾಗಿ, ಅನಂತರ ನಿಧಾನವಾಗಿ ಔಷಧ ಹೊರಬರುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಕಡಿಮೆಯಿರುವುದರಿಂದ ಮೂತ್ರಪಿಂಡದ ಮೇಲಿನ ಹೊರೆಯೂ ಕಡಿಮೆ. ಕಾರ್ಖಾನೆಯಲ್ಲೇ ಜೆಂಟಾಮೈಸಿನ್ ಲೇಪಿಸಿದ ರಾಡುಗಳು ಯುರೋಪಿನಲ್ಲಿ ಬಳಕೆಗೆ ಬಂದಿವೆ. ಆದರೆ ಅವುಗಳ ಮುಖ್ಯ ಉದ್ದೇಶ ಸೋಂಕು ತಗುಲದಂತೆ ತಡೆಯುವುದು.

ಲೇಪನವೊಂದರಿಂದಲೇ ಗುಣವಾಗದು. ಶುಚಿಗೊಳಿಸುವಿಕೆ ಸರಿಯಾಗಿರಬೇಕು, ರೋಗಾಣು ಪರೀಕ್ಷೆಯ ವರದಿಗೆ ತಕ್ಕ ಔಷಧ ಆಯ್ಕೆಯಾಗಬೇಕು. ಔಷಧ ಬರಿದಾದ ಸಿಮೆಂಟೇ ರೋಗಾಣುಗಳಿಗೆ ನೆಲೆಯಾಗಬಲ್ಲದಾದ್ದರಿಂದ ಸಾಮಾನ್ಯವಾಗಿ ಕೆಲ ವಾರಗಳ ನಂತರ ಅದನ್ನು ತೆಗೆದು ಬೇರೆ ರಾಡು ಹಾಕುತ್ತಾರೆ. ಅಂದರೆ ಮತ್ತೊಂದು ಶಸ್ತ್ರಚಿಕಿತ್ಸೆ, ಮತ್ತಷ್ಟು ದುಡಿಮೆಯಿಲ್ಲದ ದಿನಗಳು.

ವರ್ತಕರು ಗಮನಿಸಬೇಕಾದ ಅಂಶ ಇಲ್ಲಿದೆ. ಕೇಂದ್ರ ಸರ್ಕಾರವು 2025ರ ಮೇ 5ರಂದು ಜಾರಿಗೊಳಿಸಿದ ರಸ್ತೆ ಅಪಘಾತ ನಗದುರಹಿತ ಚಿಕಿತ್ಸಾ ಯೋಜನೆಯು 1.5 ಲಕ್ಷ ರೂ.ವರೆಗೆ ನೆರವು ನೀಡುತ್ತದೆ. ಆದರೆ ಅದು ಅಪಘಾತದ ದಿನದಿಂದ 7 ದಿನಗಳಿಗೆ ಸೀಮಿತ. ಮೂಳೆಯ ಸೋಂಕು ಬಹುತೇಕ ಆ ಅವಧಿ ಕಳೆದ ಮೇಲೆಯೇ ತಲೆದೋರುತ್ತದೆ. ಬಡ ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂ.ವರೆಗಿನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿದೆ. 10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಇ.ಎಸ್.ಐ. ವ್ಯಾಪ್ತಿಗೆ ಬಂದ ನೌಕರನಿಗೆ ಕೆಲಸದ ನಿಮಿತ್ತ ಗಾಯವಾದಲ್ಲಿ, ತಾತ್ಕಾಲಿಕವಾಗಿ ದುಡಿಯಲಾಗದ ಅವಧಿಗೆ ವೇತನದ ಶೇ. 90ರಷ್ಟು ಭತ್ಯೆ ದೊರೆಯುತ್ತದೆ. ನೋಂದಣಿಯನ್ನು ಮುಂದೂಡಿದ ಮಾಲೀಕರಿಗೆ ಇದರ ಬೆಲೆ ಅಪಘಾತದ ನಂತರವೇ ತಿಳಿಯುತ್ತದೆ.

ಮದ್ದೂರು ಅಥವಾ ಮಳವಳ್ಳಿಯಲ್ಲಿ ಪ್ರಥಮ ಚಿಕಿತ್ಸೆ ಪಡೆದು ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಮೈಸೂರಿಗೋ ತೆರಳುವ ಗಾಯಾಳುವಿನೊಂದಿಗೆ ಕಾಗದ ಪತ್ರಗಳೂ ಸಾಗಬೇಕು. ಬಿಡುಗಡೆ ಪತ್ರ, ರಾಡಿನ ವಿವರದ ಚೀಟಿ, ಕೀವಿನ ಪರೀಕ್ಷಾ ವರದಿ, ಬಿಲ್ಲುಗಳು ಒಂದೇ ಕಡತದಲ್ಲಿರಲಿ. ವಿಮಾ ಪಾಲಿಸಿಯಲ್ಲಿ ರಾಡಿನ ವೆಚ್ಚಕ್ಕೆ ಮಿತಿಯಿದೆಯೇ, ಎರಡನೆಯ ಶಸ್ತ್ರಚಿಕಿತ್ಸೆಗೆ ಅನ್ವಯವಾಗುವುದೇ ಎಂಬುದನ್ನು ಪಾಲಿಸಿ ನವೀಕರಿಸುವಾಗಲೇ ಕೇಳಿ ತಿಳಿಯುವುದು ಲೇಸು. ಗಾಯ ಒಣಗಿದ ಮೇಲೂ ನೋವು, ಊತ, ಕೀವು ಕಂಡರೆ ನೌಕರನನ್ನು ಕೆಲಸಕ್ಕೆ ಕರೆಯುವ ಮೊದಲು ಮೂಳೆ ತಜ್ಞರ ಬಳಿಗೆ ಕಳುಹಿಸತಕ್ಕದ್ದು.