ಮೋಟರ್ ಸ್ವಿಚ್ ಹಾಕಿದ ತಕ್ಷಣ ಎಂಸಿಬಿ ಬೀಳುತ್ತಾ? ದೊಡ್ಡದು ಹಾಕಿಸೋ ಮುನ್ನ ಇದನ್ನು ಓದಿ

ಮಂಡ್ಯ: ಸಂಪಿನ ಮೋಟರ್ ಸ್ವಿಚ್ ಹಾಕಿದ ತಕ್ಷಣ 'ಟಪ್' ಅಂತ ಎಂಸಿಬಿ ಬೀಳುತ್ತೆ. ಮೇಲಕ್ಕೆತ್ತಿ ಇನ್ನೊಂದು ಸಲ ಹಾಕಿದರೆ ಅದೇ ಮೋಟರ್ ಸಲೀಸಾಗಿ ಓಡುತ್ತೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಕಡೆಯ ಮನೆಗಳಿಗೆ ಈ ಕಾಟ ಹೊಸದಲ್ಲ. ನಾಲ್ಕು ಸಲ ಬಿದ್ದ ಮೇಲೆ ಸಿಗೋ ಸಲಹೆಯೂ ಒಂದೇ: '16 ತೆಗೆದು 32 ಹಾಕ್ಸಿಬಿಡಿ'. ಹಾಗೆ ಮಾಡಿದರೆ ಬೀಳೋದೇನೋ ನಿಲ್ಲುತ್ತೆ. ಆದರೆ ಗೋಡೆಯೊಳಗಿನ ವೈರಿಗೆ ಇದ್ದ ಕಾವಲೂ ಅಲ್ಲಿಗೆ ಮುಗೀತು.

ಸ್ಟಾರ್ಟಿಂಗ್‌ನಲ್ಲೇ ಯಾಕೆ ಬೀಳುತ್ತೆ?

ನಿಂತ ಮೋಟರ್ ತಿರುಗಿ ವೇಗ ಹಿಡಿಯೋವರೆಗೆ ಮಾಮೂಲಿಗಿಂತ ಸುಮಾರು 5ರಿಂದ 7 ಪಟ್ಟು ಕರೆಂಟ್ ಎಳೆಯುತ್ತೆ. 1 ಎಚ್‌ಪಿ ಸಿಂಗಲ್ ಫೇಸ್ ಪಂಪ್ ಓಡುವಾಗ ಸುಮಾರು 7 ಆಂಪ್ ತಗೊಂಡರೆ, ಸ್ಟಾರ್ಟ್ ಆಗೋ ಕ್ಷಣದಲ್ಲಿ 35ರಿಂದ 50 ಆಂಪ್‌ವರೆಗೆ ಹೋಗಬಹುದು. ಮೋಟರ್ ಚೆನ್ನಾಗಿದ್ದರೆ ಇದು ಸೆಕೆಂಡಿನೊಳಗೆ ಮುಗಿಯೋ ಮಾತು.

ಎಂಸಿಬಿ ಒಳಗೆ ಎರಡು ವ್ಯವಸ್ಥೆ ಇರುತ್ತೆ. ಒಂದು, ಬಿಸಿಯಾದಾಗ ಬಾಗೋ ಜೋಡಿ ಲೋಹದ ಪಟ್ಟಿ. ಹೆಚ್ಚು ಲೋಡ್ ತುಂಬಾ ಹೊತ್ತು ಇದ್ದರೆ ನಿಧಾನವಾಗಿ ಆಫ್ ಮಾಡೋದು ಇದು. ಇನ್ನೊಂದು, ತಂತಿ ಸುರುಳಿಯ ಆಯಸ್ಕಾಂತ. ಶಾರ್ಟ್ ಸರ್ಕ್ಯೂಟ್ ಆದರೆ ಕಣ್ಣು ಮಿಟುಕಿಸೋದರೊಳಗೆ ಆಫ್ ಮಾಡೋದು ಇದರ ಕೆಲಸ. ಮೋಟರಿನ ಸ್ಟಾರ್ಟಿಂಗ್ ಕರೆಂಟನ್ನು ಕೆಲವೊಮ್ಮೆ ಈ ಆಯಸ್ಕಾಂತ ಶಾರ್ಟ್ ಅಂದ್ಕೊಂಡುಬಿಡುತ್ತೆ.

ನಂಬರ್ ಮಾತ್ರ ಅಲ್ಲ, ಅಕ್ಷರವನ್ನೂ ನೋಡಿ

ಎಂಸಿಬಿ ಮುಖದ ಮೇಲೆ ಬಿ16, ಸಿ16 ಅಂತ ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಇರುತ್ತೆ. ಅಂಕಿ ಅಂದರೆ ಆಂಪ್. ಅಕ್ಷರ ಹೇಳೋದು ಎಷ್ಟು ಪಟ್ಟು ಕರೆಂಟ್ ಹರಿದರೆ ಆ ಕ್ಷಣವೇ ಬೀಳುತ್ತೆ ಅನ್ನೋದನ್ನ.

- ಬಿ: 3ರಿಂದ 5 ಪಟ್ಟು. ಲೈಟ್, ಗೀಸರ್‌ನಂಥ ವಸ್ತುಗಳಿಗೆ ಸಾಕು.
- ಸಿ: 5ರಿಂದ 10 ಪಟ್ಟು. ಪಂಪ್, ಫ್ರಿಜ್, ಎ.ಸಿ.ಗೆ ಸರಿಹೋಗುತ್ತೆ.
- ಡಿ: 10ರಿಂದ 20 ಪಟ್ಟು. ದೊಡ್ಡ ಮೋಟರ್, ವೆಲ್ಡಿಂಗ್ ಸೆಟ್‌ಗೆ.

ಈಗ ಲೆಕ್ಕ ಹಾಕಿ. 10 ಆಂಪಿನ ಬಿ ಎಂಸಿಬಿ 30ರಿಂದ 50 ಆಂಪ್‌ಗೇ ಬೀಳುತ್ತೆ. ಅದರಲ್ಲಿ 1 ಎಚ್‌ಪಿ ಪಂಪ್ ಸ್ಟಾರ್ಟ್ ಆಗೋದೇ ಅನುಮಾನ. 16 ಆಂಪಿನ ಸಿ ಆದರೆ 80 ಆಂಪ್‌ವರೆಗೆ ಆ ಕ್ಷಣದ ಎಳೆತ ತಡಕೊಳ್ಳುತ್ತೆ. ಅಂದರೆ ಬಿ16 ಬೀಳ್ತಿದ್ದರೆ ಮೊದಲು ಹಾಕಿಸಬೇಕಾದ್ದು ಸಿ16. ಅಂಕಿ ಅದೇ ಇರಲಿ, ಅಕ್ಷರ ಮಾತ್ರ ಬದಲಾಗಲಿ.

ಹಾಗಂತ ಮನೆಗೆ ಡಿ ಹಾಕಿಸೋ ಆತುರ ಬೇಡ. ಟಿ.ಸಿ.ಯಿಂದ ದೂರ ಇರೋ, ತೆಳು ಸರ್ವಿಸ್ ವೈರಿನ ಮನೆಗಳಲ್ಲಿ ನಿಜವಾಗಲೂ ಶಾರ್ಟ್ ಆದಾಗ ಡಿ ಎಂಸಿಬಿ ತಕ್ಷಣ ಬೀಳೋಷ್ಟು ಕರೆಂಟ್ ಹರಿಯದೇ ಇರಬಹುದು.

32 ಹಾಕಿದರೆ ಏನಾಗುತ್ತೆ?

ಎಂಸಿಬಿ ಮುಖ್ಯವಾಗಿ ಕಾಯೋದು ವೈರನ್ನ. ಮನೆಯ ತಾಮ್ರದ ವೈರಿಂಗ್‌ನಲ್ಲಿ ಸಾಮಾನ್ಯವಾಗಿ ಒಂದೂವರೆ ಎಂಎಂ ವೈರಿಗೆ 10 ಆಂಪ್, ಎರಡೂವರೆ ಎಂಎಂಗೆ 16, ಹೆಚ್ಚೆಂದರೆ 20, ನಾಲ್ಕು ಎಂಎಂಗೆ 25 ಆಂಪಿನ ಎಂಸಿಬಿ ಹಾಕ್ತಾರೆ. ಒಂದೂವರೆ ಎಂಎಂ ವೈರಿಗೆ 32ರ ಎಂಸಿಬಿ ಕೂರಿಸಿದರೆ, ವೈರ್ ಕಾದು ಮೇಲಿನ ಪ್ಲಾಸ್ಟಿಕ್ ಕರಗ್ತಿದ್ದರೂ ಎಂಸಿಬಿ ಸುಮ್ಮನೆ ನಿಂತಿರುತ್ತೆ. ಫ್ಯೂಸ್ ಕಟ್ಟೋ ಜಾಗಕ್ಕೆ ದಪ್ಪ ತಂತಿ ಸುತ್ತೋದೂ ಇದೇ ತಪ್ಪು.

ಹಳೇ ಮನೆಗಳಲ್ಲಿ ಅಪಾಯ ಇನ್ನೂ ಹೆಚ್ಚು. ಭಾಗ್ಯಜ್ಯೋತಿ ಕಾಲದಲ್ಲಿ ಒಂದು ಬಲ್ಬಿಗೆ ಅಂತ ಎಳೆದ ವೈರಿಂಗ್‌ಗೇ ಫ್ರಿಜ್, ಮಿಕ್ಸಿ, ಮೋಟರ್ ಎಲ್ಲಾ ಸೇರಿಕೊಂಡಿದ್ದರೆ ಅಲ್ಲಿ ಮೊದಲು ಬದಲಾಗಬೇಕಾದ್ದು ವೈರ್.

ಖರ್ಚಿಲ್ಲದೆ ಮಾಡಬಹುದಾದ್ದು

- ಕರೆಂಟ್ ಹೋದಾಗ ಮೋಟರ್, ಎ.ಸಿ., ಗ್ರೈಂಡರ್ ಸ್ವಿಚ್ ಆಫ್ ಮಾಡಿ. ಕರೆಂಟ್ ಬಂದ ಕ್ಷಣ ಫ್ರಿಜ್, ಪಂಪ್, ಚಾರ್ಜಿಂಗ್‌ಗೆ ನಿಂತ ಯುಪಿಎಸ್ ಎಲ್ಲಾ ಒಟ್ಟಿಗೆ ಎಳೆಯೋದರಿಂದಲೇ ಮೇನ್ ಬೀಳೋದು. ಒಂದೊಂದಾಗಿ ಹಾಕಿ.
- ಫ್ರಿಜ್ ಆಫ್ ಆದ ಮೇಲೆ 3ರಿಂದ 5 ನಿಮಿಷ ಬಿಟ್ಟು ಆನ್ ಮಾಡಿ. ಒಳಗಿನ ಗ್ಯಾಸಿನ ಒತ್ತಡ ಇಳಿಯೋ ಮುಂಚೆ ಕಂಪ್ರೆಸರ್ ಸ್ಟಾರ್ಟ್ ಆಗಲು ಒದ್ದಾಡುತ್ತೆ. ಟೈಮ್ ಡಿಲೇ ಇರೋ ಸ್ಟೆಬಿಲೈಜರ್ ಈ ಕೆಲಸ ತಾನೇ ಮಾಡುತ್ತೆ.
- ಮೇವು ಕತ್ತರಿಸೋ ಮಿಷನ್, ಗ್ರೈಂಡರನ್ನು ಖಾಲಿ ಸ್ಟಾರ್ಟ್ ಮಾಡಿ, ವೇಗ ಹಿಡಿದ ಮೇಲೆ ಮೇವು, ಅಕ್ಕಿ ಹಾಕಿ.
- ಹಾಲು ಕರೆಯೋ ಮಿಷನ್ ಓಡುವಾಗಲೇ ಗೀಸರ್, ಪಂಪ್ ಹಾಕಬೇಡಿ. 2,000 ವಾಟ್ ಗೀಸರ್ ಒಂದೇ ಸುಮಾರು 9 ಆಂಪ್ ತಗೊಳ್ಳುತ್ತೆ.

ಮೋಟರ್ ಗುಂಯ್ ಅಂತಿದ್ದರೆ

ಮೋಟರ್ ತಿರುಗದೆ 'ಗುಂಯ್' ಅಂತ ಸದ್ದು ಮಾಡಿ ಆಮೇಲೆ ಎಂಸಿಬಿ ಬಿದ್ದರೆ ತಪ್ಪು ಎಂಸಿಬಿದಲ್ಲ. ಕೆಪಾಸಿಟರ್ ಹೋಗಿರಬಹುದು, ಇಲ್ಲಾ ತುಂಬಾ ದಿನ ನಿಂತು ಪಂಪ್ ಬಿಗಿದುಕೊಂಡಿರಬಹುದು. ತಕ್ಷಣ ಆಫ್ ಮಾಡಿ, ಇಲ್ಲದಿದ್ದರೆ ವೈಂಡಿಂಗ್ ಸುಡುತ್ತೆ. ಕೆಪಾಸಿಟರ್ ಬದಲಾಯಿಸೋ ಖರ್ಚು ರಿವೈಂಡಿಂಗ್ ಮುಂದೆ ಏನೂ ಅಲ್ಲ.

ವೋಲ್ಟೇಜ್ ಕಮ್ಮಿ ಇದ್ದಾಗಲೂ ಹೀಗೇ ಆಗುತ್ತೆ. 230 ವೋಲ್ಟ್ 160ಕ್ಕೆ ಇಳಿದರೆ ಮೋಟರಿನ ಎಳೆಯೋ ಬಲ ಹೆಚ್ಚುಕಮ್ಮಿ ಅರ್ಧಕ್ಕೆ ಬರುತ್ತೆ. ವೇಗ ಹಿಡಿಯೋಕೆ ಜಾಸ್ತಿ ಹೊತ್ತು ಬೇಕು, ಅಷ್ಟು ಹೊತ್ತೂ ಸ್ಟಾರ್ಟಿಂಗ್ ಕರೆಂಟ್ ಹರೀತಾನೇ ಇರುತ್ತೆ. ನಲ್ಲಿ ನೀರು ಬಿಟ್ಟ ಹೊತ್ತಿಗೆ ಬೀದಿಯವರೆಲ್ಲಾ ಒಟ್ಟಿಗೆ ಮೋಟರ್ ಹಾಕಿದರೆ ಈ ತೊಂದರೆ ಜಾಸ್ತಿ. ಆಳದ ಬೋರ್‌ವೆಲ್‌ಗೆ ಉದ್ದದ ತೆಳು ಕೇಬಲ್ ಬಿಟ್ಟಿದ್ದರೂ ಅಷ್ಟೇ. ಕೇಬಲ್ ದಪ್ಪ ಆದಷ್ಟೂ ಮೋಟರಿಗೆ ಸಿಗೋ ವೋಲ್ಟೇಜ್ ಚೆನ್ನಾಗಿರುತ್ತೆ.

ಯಾವ ಟ್ರಿಪ್, ಯಾವ ಕಾರಣ?

- ಸ್ವಿಚ್ ಹಾಕಿದಾಗ ಅಪರೂಪಕ್ಕೊಮ್ಮೆ ಬಿದ್ದು, ಎರಡನೇ ಸಲಕ್ಕೆ ನಿಂತರೆ: ಸ್ಟಾರ್ಟಿಂಗ್ ಕರೆಂಟ್.
- ಪ್ರತಿ ಸಲವೂ ತಕ್ಷಣ ಬಿದ್ದರೆ: ಶಾರ್ಟ್, ಅಥವಾ ಆ ಮೋಟರಿಗೆ ಹೊಂದದ ಎಂಸಿಬಿ. ಚೆಕ್ ಮಾಡಿಸೋವರೆಗೆ ಹಾಕಬೇಡಿ.
- ಹತ್ತು ಹದಿನೈದು ನಿಮಿಷ ಓಡಿ ಬಿದ್ದರೆ: ಓವರ್‌ಲೋಡ್ ಅಥವಾ ಸಡಿಲ ಸ್ಕ್ರೂ. ಎಂಸಿಬಿ ಮುಟ್ಟಿದರೆ ಬಿಸಿ ಇರುತ್ತೆ.
- ಮಳೆ ಬಂದಾಗ ಬಿದ್ದರೆ, ಬಿದ್ದದ್ದು 'ಟಿ' ಬಟನ್ ಇರೋ ಆರ್‌ಸಿಸಿಬಿ ಆಗಿದ್ದರೆ: ಕರೆಂಟ್ ಎಲ್ಲೋ ಸೋರ್ತಿದೆ ಅಂತ ಅರ್ಥ. ಮನೆಗಳಲ್ಲಿ ಹಾಕೋ 30 ಮಿಲಿ ಆಂಪಿನ ಆರ್‌ಸಿಸಿಬಿ ಇರೋದೇ ಶಾಕ್‌ನಿಂದ ಜೀವ ಉಳಿಸೋಕೆ. ಅದನ್ನು ಬೈಪಾಸ್ ಮಾಡಿಸಲೇಬೇಡಿ.

ಬಿದ್ದ ಎಂಸಿಬಿಯನ್ನು ಒಂದೆರಡು ನಿಮಿಷ ಬಿಟ್ಟು, ಪೂರ್ತಿ ಕೆಳಕ್ಕೆ ಒತ್ತಿ ಆಮೇಲೆ ಮೇಲೆತ್ತಬೇಕು. ಎರಡು ಸಲಕ್ಕೂ ನಿಲ್ಲದಿದ್ದರೆ ಮೂರನೇ ಪ್ರಯತ್ನ ಬೇಡ.

ಯಾರನ್ನು ಕರೆಯಬೇಕು?

ಮೀಟರ್‌ನಿಂದ ಈಚೆ, ಅಂದರೆ ಮನೆಯೊಳಗಿನ ಕೆಲಸ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್‌ದು. ಪಂಪ್ ಇರೋ ಮನೆಯಲ್ಲಿ ಅದಕ್ಕೆ ಬೋರ್ಡಿನಿಂದ ಪ್ರತ್ಯೇಕ ವೈರ್, ಪ್ರತ್ಯೇಕ ಎಂಸಿಬಿ ಎಳೆಸೋದು ಒಳ್ಳೇದು. ಬೀದಿಯಲ್ಲೇ ವೋಲ್ಟೇಜ್ ಕಮ್ಮಿ ಇದ್ದರೆ, ಕಂಬದಿಂದ ಬರೋ ವೈರಿನಲ್ಲಿ ಕಿಡಿ ಕಂಡರೆ ಸೆಸ್ಕ್‌ನ 1912ಕ್ಕೆ ಫೋನ್ ಮಾಡಿ ದೂರು ಬರೆಸಬೇಕು. ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ಅನ್ನೋದು ಕರೆಂಟ್ ಬಿಲ್ಲಿನಲ್ಲೇ ಇರುತ್ತೆ. ಬಳಕೆ ಅದಕ್ಕಿಂತ ಜಾಸ್ತಿ ಇದ್ದರೆ ಹೆಚ್ಚುವರಿ ಲೋಡ್‌ಗೆ ಸೆಸ್ಕ್ ಕಚೇರಿಯಲ್ಲಿ ಅರ್ಜಿ ಹಾಕಿ.

ಅಲ್ಲೀವರೆಗೆ ಯಾರಾದರೂ '32 ಹಾಕೋಣ ಬಿಡಿ' ಅಂದರೆ ಒಂದೇ ಪ್ರಶ್ನೆ ಕೇಳಿ: ಒಳಗಿರೋ ವೈರ್ ಎಷ್ಟು ಎಂಎಂದು?